‘ಅಜ್ಜೀ, ಕಥೆ ಹಾಕು!’

ರಾತ್ರಿ ಊಟ ಮುಗಿಸಿ, ಒಲೆಕಟ್ಟೆ ಒರೆಸಿ, ನಾಳೆಯ ಇಡ್ಲಿ ಹಿಟ್ಟು ಮುಚ್ಚಿಟ್ಟು ಹಜಾರಕ್ಕೆ ಬಂದರೆ ಐದು ವರ್ಷದ ಮೊಮ್ಮಗ ಹಾಸಿಗೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ. ನನ್ನ ಮೊಬೈಲನ್ನು ನನ್ನ ಕೈಗೇ ಚಾಚಿ, “ಅಜ್ಜೀ, ಕಥೆ ಹಾಕು!” ಅಂದ.

ಗಮನಿಸಿದಿರಾ? ‘ಕಥೆ ಹೇಳು’ ಅಲ್ಲ, ‘ಕಥೆ ಹಾಕು’. ಟೀವಿ ಹಾಕು, ಫ್ಯಾನು ಹಾಕು ಅನ್ನುವ ಹಾಗೆ ಕಥೆಯನ್ನೂ ಹಾಕಬೇಕು! ಆ ಕ್ಷಣ ನಕ್ಕುಬಿಟ್ಟೆ. ದೀಪ ಆರಿಸಿ ಮಲಗಿದ ಮೇಲೆ ಮಾತ್ರ ಆ ಒಂದು ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಕಥೆಯನ್ನು ‘ಹಾಕುವ’ ವಸ್ತುವನ್ನಾಗಿ ಮಾಡಿದವರು ಯಾರು? ಮಗುವಂತೂ ಅಲ್ಲ. ಮೂರು ವರ್ಷದಿಂದ ತುತ್ತು ಒಳಗೆ ಹೋಗಲಿ ಎಂದು ಅದರ ಮುಂದೆ ಮೊಬೈಲು ನಿಲ್ಲಿಸಿದವಳು ನಾನೇ ತಾನೇ? ನಿಮ್ಮ ಮನೆಯಲ್ಲಿ ಹೀಗಿಲ್ಲ ಎಂದರೆ ನೀವು ಪುಣ್ಯವಂತರು.

ನಮ್ಮ ಬಂಗಾರಪೇಟೆಯ ಸಂಸಾರಗಳ ರೀತಿ ನಿಮಗೆ ಸ್ವಲ್ಪ ಹೇಳಬೇಕು. ಈ ಊರಿನ ಅರ್ಧ ಜೀವ ರೈಲಿನಲ್ಲಿ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲಂತೂ ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿಗಳು ಬೆಳಗಿನ ಜಾವವೇ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತವೆ, ರಾತ್ರಿ ತಂದು ಸುರಿಯುತ್ತವೆ. ನನ್ನ ಮಗಳೂ ಅವರಲ್ಲಿ ಒಬ್ಬಳು. ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಲ್ಲಿ ಕೆಲಸ. ಅಳಿಯನಿಗೆ ಹೊಸೂರಿನಲ್ಲಿ ಶಿಫ್ಟು. ಪಕ್ಕದ ಬೀದಿಯಲ್ಲೇ ಮನೆಯಿದ್ದರೂ ಪುಟ್ಟನ ಊಟ, ನಿದ್ದೆ ಎಲ್ಲ ನಮ್ಮ ಮನೆಯಲ್ಲೇ. ಮಗಳು ಮನೆ ಮುಟ್ಟುವ ಹೊತ್ತಿಗೆ ಗಂಟೆ ಒಂಬತ್ತು ದಾಟಿರುತ್ತದೆ. ತಾಯಿ ಬರುವ ಮುನ್ನವೇ ಮಗು ಮಲಗಿಬಿಟ್ಟಿರುತ್ತದೆ. ಅದಕ್ಕೆ ಕಥೆ ಹೇಳುವ ಪುರುಸೊತ್ತು ಯಾರಿಗಿದೆ, ಹೇಳಿ?

ನಮ್ಮನೆಯಲ್ಲಿ ಒಬ್ಬರಿಗಿತ್ತು, ನಮ್ಮ ಅತ್ತೆಗೆ.

ಅತ್ತೆ ಹುಟ್ಟಿದ್ದು ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. (ಸಿನಿಮಾದ ಕೆ.ಜಿ.ಎಫ್. ಬೇರೆ, ನಮ್ಮ ಕೆ.ಜಿ.ಎಫ್. ಬೇರೆ ಎಂದು ಪುಟ್ಟನಿಗೆ ಎಷ್ಟು ಸಲ ಹೇಳಿದರೂ ಅವನು ಒಪ್ಪಲೊಲ್ಲ!) ಅವರ ತಂದೆ ಸುರಂಗದೊಳಗೆ ಇಳಿಯುವ ಕೆಲಸದವರು. ಎಡಕ್ಕೆ ತಮಿಳರ ಮನೆ, ಬಲಕ್ಕೆ ತೆಲುಗಿನವರ ಮನೆ, ನಡುವೆ ಇವರದು. ಹೀಗಾಗಿ ಅತ್ತೆಗೆ ಮೂರು ಭಾಷೆಯ ಕಥೆಗಳೂ ಬರುತ್ತಿದ್ದವು. ನಾವು ಅಡಗೂಲಜ್ಜಿ ಕಥೆ ಅನ್ನುವುದನ್ನು ತೆಲುಗಿನವರು ಪೇದರಾಶಿ ಪೆದ್ದಮ್ಮನ ಕಥೆ ಅನ್ನುತ್ತಾರೆ. ತಮಿಳರಿಗೆ ಅದು ಪಾಟ್ಟಿ ಕಥೆ. ರಾಜಕುಮಾರನ ಕುದುರೆ ಕನ್ನಡದಲ್ಲಿ ಹೊರಟು, ತೆಲುಗಿನಲ್ಲಿ ನೀರು ಕುಡಿದು, ತಮಿಳಿನಲ್ಲಿ ಊರು ಸೇರಿದರೂ ನಮಗ್ಯಾರಿಗೂ ಅದು ಅಡ್ಡಿಯಾಗಿರಲಿಲ್ಲ.

ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ಅದುರುತ್ತಿದ್ದವಂತೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳ ನೋಡಿ, ಅಲ್ಲಿ ಬಂಡೆಯ ಮೇಲಿನ ಒತ್ತಡವೂ ಅಷ್ಟೇ. ಮಧ್ಯರಾತ್ರಿ ಶೆಲ್ಫಿನ ಪಾತ್ರೆಗಳು ತಾವಾಗಿ ಗಲಗಲ ಎಂದಾಗ ಹೆದರಿದ ಮಕ್ಕಳಿಗೆ ಅತ್ತೆಯ ತಾಯಿ, “ಭೂಮ್ತಾಯಿ ಮಗ್ಗುಲಾಗ್ತಾವ್ಳೆ, ಸುಮ್ನೆ ಮಲಗ್ರೋ” ಅನ್ನುತ್ತಿದ್ದರಂತೆ. ಗಂಡ ಅದೇ ಹೊತ್ತಿನಲ್ಲಿ ಆ ಭೂಮಿತಾಯಿಯ ಹೊಟ್ಟೆಯೊಳಗೆ ಇರುವಾಗ ಮಕ್ಕಳ ಮುಂದೆ ಅಷ್ಟು ಸಮಾಧಾನವಾಗಿ ಆ ಮಾತು ಹೇಳಬೇಕಾದರೆ ಆ ತಾಯಿಯ ಎದೆ ಎಷ್ಟು ಗಟ್ಟಿಯಿರಬೇಕು! ಕಥೆ ಅನ್ನುವುದು ಮಕ್ಕಳನ್ನು ಮಲಗಿಸುವುದಕ್ಕೆ ಮಾತ್ರ ಹುಟ್ಟಿದ್ದಲ್ಲ ಎಂದು ನನಗೆ ಅನ್ನಿಸುವುದು ಇಂಥ ಕಡೆಯೇ.

ಅತ್ತೆಯದು ಒಂದೇ ಕಟ್ಟುನಿಟ್ಟು. ಕೇಳುವವರು ಹೂಂಗುಟ್ಟಬೇಕು. ಒಂದು ಮಾತು ಮುಗಿಯಿತೋ, ಇತ್ತಕಡೆಯಿಂದ ‘ಹೂಂ’ ಬರಬೇಕು. ತೆಲುಗಿನವರು ಇದಕ್ಕೆ ‘ಊ ಕೊಟ್ಟು’ ಅನ್ನುತ್ತಾರೆ, ತಮಿಳರು ‘ಉಮ್ ಕೊಟ್ಟು’. ಮೂರೂ ಭಾಷೆಯವರು ಒಂದೇ ಪದ್ಧತಿಗೆ ಒಂದೇ ಥರದ ಹೆಸರಿಟ್ಟಿದ್ದಾರೆ ನೋಡಿ! ಹೂಂ ಬಂದರೆ ಕಥೆ ಮುಂದಕ್ಕೆ, ಬರದಿದ್ದರೆ ಅಲ್ಲಿಗೇ ನಿಂತಿತು. ಆ ಹೂಂ ಮೊದಮೊದಲು ಜೋರಾಗಿರುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಕೊನೆಗೆ ಬರೀ ಉಸಿರಾಗುತ್ತದೆ. ಅಜ್ಜಿ ಅಲ್ಲಿ ನಿಲ್ಲಿಸಿ ಹೊದಿಕೆ ಎಳೆದುಬಿಡುತ್ತಾಳೆ. ಮರುದಿನ “ನೆನ್ನೆ ಎಲ್ಲಿವರೆಗೂ ಬಂದಿತ್ತು?” ಎಂದು ಕೇಳಿ ಅಲ್ಲಿಂದಲೇ ಹಿಡಿದುಕೊಳ್ಳುತ್ತಾಳೆ.

ಹೂಂ ಕೇಳಿಸಿಕೊಳ್ಳದ ಕಥೆ

ಯಂತ್ರ ಅಂದರೆ ಮೂಗು ಮುರಿಯುವವಳು ನಾನಲ್ಲ. ರುಬ್ಬುವ ಕಲ್ಲು ಬಿಟ್ಟು ಗ್ರೈಂಡರ್ ತಂದಾಗ ನಮ್ಮ ಮನೆಯಲ್ಲಿ ದೋಸೆಯೇನೂ ನಿಲ್ಲಲಿಲ್ಲ. ಇನ್ನು ನಮ್ಮ ಸೀಮೆಗೆ ಯಂತ್ರ ಹೊಸದೇ? ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 140 ಕಿಲೋಮೀಟರಿಗೂ ಹೆಚ್ಚು ದೂರ ತಂತಿಯಲ್ಲಿ ಹರಿದು ಕೆ.ಜಿ.ಎಫ್. ಗಣಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ! ಆಮೇಲೆ ರೇಡಿಯೋ ಬಂತು. 1949ರಿಂದ ‘ಚಂದಮಾಮ’ ಕನ್ನಡದಲ್ಲೂ ಬರತೊಡಗಿ ಬೇತಾಳ ಮನೆಮನೆಗೆ ಹೆಗಲೇರಿ ಬಂತು. ಅದಾವುದರಿಂದಲೂ ಅಜ್ಜಿಯರ ಬಾಯಿ ಕಟ್ಟಲಿಲ್ಲ. ‘ಚಂದಮಾಮ’ ತಂದರೂ ಅದನ್ನು ಓದಿ ಹೇಳುವವರು ಒಬ್ಬರು ಬೇಕಾಗಿತ್ತಲ್ಲ!

ಮೊಬೈಲು ಹಾಗಲ್ಲ. ಅದಕ್ಕೆ ಯಾರೂ ಬೇಡ. ಒಂದು ಕಥೆ ಮುಗಿಯುವುದೇ ತಡ, ಇನ್ನೊಂದನ್ನು ತಾನೇ ಶುರು ಮಾಡುತ್ತದೆ. ಮಗು ಮಲಗಿದರೂ ನಿಲ್ಲುವುದಿಲ್ಲ. ಮಗು ಮಲಗುವುದೂ ಇಲ್ಲ, ಕಣ್ಣು ಕೆಂಪಾಗುತ್ತದೆ ಅಷ್ಟೇ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮನೆಯ ಲೆಕ್ಕ ನಾನು ನಿಮಗೆ ಹೇಳುವುದಿಲ್ಲ, ನಾಚಿಕೆಯಾಗುತ್ತದೆ.

‘ಕಥೆ ಹಾಕು’ ಎಂದ ಮರುದಿನ ಮಗಳಿಗೆ ಹೇಳಿದೆ, “ನೋಡಮ್ಮ, ರೈಲಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತಿರ್ತೀಯಲ್ಲ, ಅಲ್ಲಿಂದಲೇ ಅವನಿಗೊಂದು ಕಥೆ ಹೇಳಬಾರದಾ?” ಅವಳು ಫೋನ್ ಮಾಡಿಯೇ ಶುರು ಮಾಡಿದಳು. ಆದರೆ ನರಿ ದ್ರಾಕ್ಷಿಗೆ ಹಾರುವ ಹೊತ್ತಿಗೆ ಸರಿಯಾಗಿ ಸಿಗ್ನಲ್ ಹೋಗುತ್ತಿತ್ತು! ಆಮೇಲೆ ವಾಟ್ಸಾಪಿನಲ್ಲಿ ಮಾತು ತುಂಬಿ ಕಳಿಸುವುದು ಎಂದಾಯಿತು.

ಮೊದಲ ದಿನ ಪುಟ್ಟ ಮೊಬೈಲನ್ನು ದಿಂಬಿನ ಮೇಲಿಟ್ಟುಕೊಂಡು ಅಮ್ಮನ ದನಿ ಕೇಳುತ್ತ ಪ್ರತಿ ಮಾತಿಗೂ ‘ಹೂಂ’ ಅಂದ. ಅಭ್ಯಾಸಬಲ. ಆದರೆ ಅವನ ಹೂಂ ಮುಗಿಯುವ ಮುಂಚೆಯೇ ಅಮ್ಮನ ದನಿ ಮುಂದಕ್ಕೆ ಓಡಿತ್ತು. ಅವನು ಇನ್ನೂ ಜೋರಾಗಿ ಹೂಂ ಅಂದ. ದನಿ ನಿಲ್ಲಲಿಲ್ಲ. “ಅಮ್ಮ ನನ್ ಮಾತೇ ಕೇಳಿಸ್ಕೊಳ್ತಿಲ್ಲ” ಎಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಸಮಾಧಾನ ಮಾಡುವುದರಲ್ಲಿ ನನಗೆ ಸಾಕುಬೇಕಾಯಿತು.

ಉಪಾಯ ಹೇಳಿಕೊಟ್ಟವರು ಅತ್ತೆ. ಮೂಲೆಯಲ್ಲಿ ಮಲಗಿದ್ದವರು, “ಅವಳಿಗೆ ಹೇಳು, ಒಂದೊಂದು ಮಾತಿಗೂ ಒಂದು ಹೂಂನಷ್ಟು ಜಾಗ ಬಿಡಲಿ” ಎಂದರು. ಅಷ್ಟೇ! ಮಗಳು ಮರುದಿನದಿಂದ ಪ್ರತಿ ವಾಕ್ಯಕ್ಕೂ ನಿಂತು, ತಾನೇ ಮನಸ್ಸಿನಲ್ಲಿ ಒಂದು ಹೂಂ ಅಂದುಕೊಂಡು, ಮುಂದೆ ಹೇಳತೊಡಗಿದಳು. ಒಂದೇ ಉದ್ದದ ಕಥೆ ಬಿಟ್ಟು ಸಣ್ಣಸಣ್ಣ ತುಂಡು ಮಾಡಿ ಕಳಿಸಿದಳು. ಕೊನೆಗೊಂದು ಪ್ರಶ್ನೆ: “ಆ ಕಾಗೆ ಮರಿ ಈಗ ಎಲ್ಲಿಗೆ ಹೋಗಿರಬಹುದು?” ಪುಟ್ಟ ಉತ್ತರ ತುಂಬಿ ಕಳಿಸಿದ ಮೇಲೆ ಮುಂದಿನ ತುಂಡು. ಈಗ ಅವಳ ಮೊಬೈಲಿನಲ್ಲಿ ಮಗನ ಬರೀ ‘ಹೂಂ’ಗಳೇ ಎಷ್ಟೋ ಇವೆ. ರೈಲಿನಲ್ಲಿ ಸೀಟು ಸಿಗದೆ ಬಾಗಿಲ ಹತ್ತಿರ ನಿಂತ ದಿನ ಅವನ್ನೇ ಕಿವಿಗಿಟ್ಟುಕೊಂಡು ಬರುತ್ತೇನಮ್ಮ ಅನ್ನುತ್ತಾಳೆ.

ಇದೇನೂ ನಾವೇ ಕಂಡುಹಿಡಿದದ್ದಲ್ಲ. ಇಟಲಿಯ ಜಾನಿ ರೊದಾರಿ ಎಂಬ ಲೇಖಕ 1962ರಲ್ಲೇ ‘ಟೆಲಿಫೋನಿನ ಕಥೆಗಳು’ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದಿದ್ದ. ಅದರಲ್ಲಿ ಊರೂರು ಸುತ್ತಿ ಸಾಮಾನು ಮಾರುವ ತಂದೆ ದಿನವೂ ರಾತ್ರಿ ಒಂಬತ್ತಕ್ಕೆ ಮಗಳಿಗೆ ಫೋನ್ ಮಾಡಿ ಒಂದು ಕಥೆ ಹೇಳುತ್ತಾನೆ. ಫೋನಿನ ದುಡ್ಡು ಅವನ ಜೇಬಿನಿಂದಲೇ ಹೋಗಬೇಕು, ಅದಕ್ಕೇ ಕಥೆಗಳೆಲ್ಲ ಪುಟ್ಟವು. ನಮ್ಮ ಮಗಳಿಗೆ ದುಡ್ಡಿನ ಬದಲು ಸಿಗ್ನಲಿನ ಭಯ, ಅಷ್ಟೇ ವ್ಯತ್ಯಾಸ.

ಹಗಲಿನಲ್ಲಿ ಕತ್ತಲೆ

ಇನ್ನೊಂದು ತಮಾಷೆ ಹೇಳುತ್ತೇನೆ. ನನ್ನ ಮೈದುನನ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳಿಗೊಂದು ಆರು ವರ್ಷದ ಹುಡುಗಿ. ಅಲ್ಲಿ ರಾತ್ರಿ ಎಂಟೂವರೆಯಾದರೆ ಇಲ್ಲಿ ಬೆಳಿಗ್ಗೆ ಒಂಬತ್ತು, ಚಳಿಗಾಲದಲ್ಲಿ ಹತ್ತು. “ಮುತ್ತಜ್ಜಿ, ವಿಡಿಯೋದಲ್ಲಿ ಕಥೆ ಹೇಳಿ” ಎಂದು ಆ ಮಗು ಕೇಳಿದರೆ ಅತ್ತೆ ಸುತರಾಂ ಒಪ್ಪಲಿಲ್ಲ. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂದು ಅವರ ತಾಯಿ ಹೇಳಿದ್ದರಂತೆ! ಈ ಮಾತಿನ ಗುಟ್ಟು ಬೇರೆಯೇ ಇರಬೇಕು. ಹಗಲೆಲ್ಲ ಕಥೆ ಹೇಳುತ್ತ ಕೂತರೆ ಮನೆಗೆಲಸ ಮಾಡುವವರು ಯಾರು?

“ಅಲ್ಲಿ ರಾತ್ರಿ ಕಣತ್ತೆ” ಎಂದು ನಾನು ಎಷ್ಟು ಹೇಳಿದರೂ “ನನ್ ಮುಂದೆ ಬಿಸಿಲು ಹೊಡೀತಾ ಇದೆಯಲ್ಲ” ಅನ್ನುತ್ತಿದ್ದರು. ಕೊನೆಗೆ ಅವರೇ ದಾರಿ ಕಂಡುಕೊಂಡರು. ಕೋಣೆಯ ಕಿಟಕಿ ಮುಚ್ಚಿಸಿ, ಬಾಗಿಲಿಗೆ ಹಳೇ ಜಮಖಾನ ಇಳಿಬಿಡಿಸಿ, ದೇವರ ಮುಂದಿನ ಸಣ್ಣ ದೀಪ ತಂದಿಡಿಸಿಕೊಂಡು, ತಲೆ ಮೇಲೆ ಸೆರಗು ಎಳೆದು, “ಈಗ ರಾತ್ರಿ. ಏನಾಯ್ತು ಗೊತ್ತಾ, ಒಂದೂರಲ್ಲಿ...” ಎಂದು ಶುರು ಮಾಡಿದರು. ಹೊರಗೆ ತರಕಾರಿ ಗಾಡಿಯವನು “ಸೊಪ್ಪೋ” ಎಂದು ಕೂಗುತ್ತಿದ್ದಾನೆ! ಆ ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ‘ಹೂಂ’ ಅನ್ನುವುದಕ್ಕೆ ಕನ್ನಡ ಎಷ್ಟು ಬೇಕು? ತಿಂಗಳೊಳಗೆ ಅವಳೇ “ಆಮೇಲೆ?” ಅನ್ನತೊಡಗಿದಳು. ಕನ್ನಡದಲ್ಲೇ ಕೇಳಿದಳು ಎಂದು ಅವಳ ತಾಯಿ ಆ ದಿನ ಫೋನಿನಲ್ಲಿ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಕಥೆ ಹಿಡಿದಿಡುವ ಬಗೆ

ಅತ್ತೆಯ ಕಥೆಗಳನ್ನು ಹಿಡಿದಿಡಬೇಕು ಎಂಬ ಬುದ್ಧಿ ನಮಗೆ ಆಗಲಾದರೂ ಬಂತು. ಮೊದಲ ಸಲ ನಾವು ಮಾಡಿದ್ದು ಶುದ್ಧ ಪೆದ್ದುತನ. ಅತ್ತೆಗೆ ರೇಷ್ಮೆ ಸೀರೆ ಉಡಿಸಿ, ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಮೊಬೈಲು ನಿಲ್ಲಿಸಿ “ಹೂಂ, ಹೇಳಿ” ಎಂದೆವು. ಅತ್ತೆ ಕೈ ಮುಗಿದು “ಎಲ್ಲರಿಗೂ ನಮಸ್ಕಾರ” ಎಂದರು! ಆಮೇಲೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಎರಡೇ ನಿಮಿಷದಲ್ಲಿ ಇಡೀ ಕಥೆ ಮುಗಿಸಿಬಿಟ್ಟರು.

ಎದುರಿಗೆ ಮಗು ಇರಬೇಕು, ಯಂತ್ರ ಕಣ್ಣಿಗೆ ಬೀಳಬಾರದು. ಇದು ನಾನು ಕಲಿತ ಮೊದಲ ಪಾಠ. ಹಾಗೆಂದು ಹಿರಿಯರಿಗೆ ಹೇಳದೆ ಕದ್ದು ತುಂಬಿಸಿಕೊಳ್ಳಬೇಡಿ. ಒಂದು ಮಾತು ಕೇಳಿ ಆಮೇಲೆ ದಿಂಬಿನ ಮಗ್ಗುಲಲ್ಲಿ ಇಟ್ಟುಬಿಡಿ. ಫ್ಯಾನು ನಿಲ್ಲಿಸಿ. ನಮಗೆ ಕೇಳಿಸದ ಫ್ಯಾನಿನ ಸದ್ದು ಯಂತ್ರಕ್ಕೆ ಬಿರುಗಾಳಿಯ ಹಾಗೆ ಕೇಳಿಸುತ್ತದೆ. ಕುಕ್ಕರಿನ ಸೀಟಿ ಮುಗಿದ ಮೇಲೆ ಕೂಡಿ. ನಡುವೆ ಫೋನ್ ಬರದ ಹಾಗೆ ಏರೋಪ್ಲೇನಿನ ಗುರುತು ಒತ್ತಿಡಿ. ಮುಗಿದ ಕೂಡಲೇ ಕಥೆಯ ಹೆಸರು, ತಾರೀಖು ಬರೆದು ಇಡಿ. ಇಲ್ಲದಿದ್ದರೆ ನಾಳೆ ಹುಡುಕುವುದು ಹುಲ್ಲು ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ಎಲ್ಲಕ್ಕಿಂತ ಮುಖ್ಯ, ಎರಡು ಕಡೆ ಪ್ರತಿ ಇರಲಿ. ನಾನು ಮೊಬೈಲನ್ನು ರಿಪೇರಿಗೆ ಕೊಟ್ಟು ವಾಪಸು ತಂದಾಗ ಮೊದಲಿನ ನಾಲ್ಕು ಕಥೆ ಮಾಯವಾಗಿದ್ದವು. ಮಗನಿಗೂ ಕಳಿಸಿದ್ದಿದ್ದರೆ ಉಳಿಯುತ್ತಿದ್ದವು.

ನಮಗೆ ಒಳ್ಳೆಯ ಕಾಲ ಎಂದರೆ ಅವರೆಕಾಯಿ ಕಾಲ. ನೆನೆಹಾಕಿದ ಅವರೆಕಾಳಿನ ಗುಡ್ಡೆ ನಡುವೆ ಸುರಿದುಕೊಂಡು ಎಲ್ಲರೂ ಸುತ್ತ ಕೂತು ಹಿತಕುವಾಗ ಕೈಗೆ ಮಾತ್ರ ಕೆಲಸ, ಬಾಯಿಗೆ ಬಿಡುವು. ಹೋದ ವರ್ಷ ಆ ಕಾಲದಲ್ಲಿ ತುಂಬಿಸಿಕೊಂಡ ಕಥೆಗಳಲ್ಲಿ ಅತ್ತೆಯ ದನಿಯ ಜೊತೆಗೆ ಹಿತಕಿದ ಬೇಳೆ ತಟ್ಟೆಗೆ ಟಪ್ ಟಪ್ ಎಂದು ಬೀಳುವುದೂ ಕೇಳಿಸುತ್ತದೆ. ಒಟ್ಟು ಹನ್ನೊಂದು ಕಥೆ ಉಳಿದಿವೆ.

ಸರಿಯಾಗಿ ಹೇಳಬೇಕೆಂದರೆ ಹತ್ತೂವರೆ.

ಅರ್ಧ ಕಥೆ

ಅದು ಏಳು ಜನ ಅಣ್ಣಂದಿರ ಒಬ್ಬಳೇ ತಂಗಿಯ ಕಥೆ. ನೀವೂ ಒಂದಲ್ಲ ಒಂದು ಥರ ಕೇಳಿರುತ್ತೀರಿ. ಅಣ್ಣಂದಿರು ವ್ಯಾಪಾರಕ್ಕೆಂದು ದೂರ ಹೋಗುತ್ತಾರೆ. ಅತ್ತಿಗೆಯರು ಆ ಹುಡುಗಿಯನ್ನು ಗೋಳುಹೊಯ್ದುಕೊಳ್ಳುತ್ತಾರೆ. ತೂತಿನ ಕೊಡ ಕೊಟ್ಟು ನೀರು ತಾ ಅನ್ನುತ್ತಾರೆ. ಕಪ್ಪೆ ಬಂದು ತೂತಿಗೆ ಅಡ್ಡ ಕೂತು ನೀರು ನಿಲ್ಲಿಸುತ್ತದೆ. ಹಗ್ಗವಿಲ್ಲದೆ ಸೌದೆ ಹೊರೆ ಕಟ್ಟಿ ತಾ ಅನ್ನುತ್ತಾರೆ. ಕಾಡಿನಲ್ಲಿ ಸೌದೆ ಆರಿಸಿಟ್ಟು ಅವಳು ಅಳುತ್ತ ಕೂತಿರುವಾಗ ಒಂದು ಹಾವು ಬರುತ್ತದೆ. “ಅಳಬ್ಯಾಡ ಕಣಮ್ಮ, ನಾನೇ ಹಗ್ಗ ಆಗ್ತೀನಿ, ಆದ್ರೆ ನಂಗೊಂದು ಮಾತು ಕೊಡ್ಬೇಕು ಅಂತಂತೆ ಹಾವು...”

ಅಲ್ಲಿ ಪುಟ್ಟನ ಹೂಂ ಬರಲಿಲ್ಲ, ಮಲಗಿಬಿಟ್ಟಿದ್ದ. ಅತ್ತೆ ಸ್ವಲ್ಪ ಹೊತ್ತು ಕಾದು, “ಮಲ್ಕೊಂಡ. ಮಿಕ್ಕಿದ್ದು ಇನ್ನೊಂದಿನ” ಅನ್ನುತ್ತಾರೆ. ಬೇಳೆ ಬೀಳುವ ಸದ್ದು. ಅಷ್ಟೇ. ಆ ಇನ್ನೊಂದು ದಿನ ಬರಲಿಲ್ಲ. ಹಬ್ಬದ ಗಲಾಟೆ, ಪುಟ್ಟನಿಗೆ ಜ್ವರ, ಆಮೇಲೆ ಅತ್ತೆ ಮಲಗಿದರು. ಯುಗಾದಿಗೆ ನಾಲ್ಕು ದಿನವಿದೆ ಎನ್ನುವಾಗ ಹೋಗಿಬಿಟ್ಟರು.

ಹಾವು ಏನು ಮಾತು ಕೇಳಿತು?

ನಮ್ಮವರನ್ನು ಕೇಳಿದೆ, ಅವರ ತಾಯಿಯ ಕಥೆಯಲ್ಲವೇ? ಅವರು ಬಹಳ ಹೊತ್ತು ಯೋಚಿಸಿ, “ನನಗೂ ಅಲ್ಲಿಗೇ ನಿದ್ದೆ ಬಂದುಬಿಡ್ತಿತ್ತು ಕಣೇ” ಎಂದರು! ಮೈದುನನನ್ನು ಕೇಳಿದರೆ ಅವನೂ ಅದೇ ಉತ್ತರ ಕೊಟ್ಟ. ಇನ್ನು ನಾನು? ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ. ನನ್ನ ಮಕ್ಕಳಿಗೂ ಅತ್ತೆ ಇದೇ ಕಥೆ ಹೇಳಿದ್ದರು. ಆ ಹೊತ್ತಿನಲ್ಲೆಲ್ಲ ನಾನು ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಸದ್ಯ ಮಕ್ಕಳನ್ನು ಅವರು ನೋಡಿಕೊಂಡರಲ್ಲ, ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಕೂತು ಹೂಂಗುಟ್ಟಿದ್ದು ಒಂದು ದಿನವೂ ಇಲ್ಲ.

ಎ.ಕೆ. ರಾಮಾನುಜನ್ ಅವರು ಕೂಡಿಸಿಕೊಟ್ಟ ಕನ್ನಡದ ಒಂದು ಜನಪದ ಕಥೆ ಆಗ ನನಗೆ ನೆನಪಾಯಿತು. 1991ರಲ್ಲಿ ಬಂದ ಅವರ ಭಾರತದ ಜನಪದ ಕಥೆಗಳ ಇಂಗ್ಲಿಷ್ ಪುಸ್ತಕದಲ್ಲಿ ಅದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಕಟ್ಟಿದ ಕಥೆ ಮತ್ತು ಹಾಡು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಒಂದು ಜೊತೆ ಚಪ್ಪಲಿಯಾಗಿ, ಒಂದು ಕೋಟಾಗಿ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡ ಬಂದು ನೋಡುತ್ತಾನೆ, ಅನುಮಾನ, ಜಗಳ! ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ ಗಂಡನಿಗೆ ನಿಜ ತಿಳಿಯುವುದು, ರಾತ್ರಿ ಅಲ್ಲಿ ಸೇರಿ ಹರಟುವ ಊರ ಮನೆಗಳ ದೀಪಗಳ ಬಾಯಿಂದ. ಅವನು ಬಂದು ಹೆಂಡತಿಯನ್ನು ಕೇಳಿದರೆ ಅವಳಿಗೆ ಆ ಕಥೆಯೂ ನೆನಪಿಲ್ಲ, ಹಾಡೂ ನೆನಪಿಲ್ಲ. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ ನಾಟಕದಲ್ಲಿ ಈ ಹರಟುವ ದೀಪಗಳನ್ನೇ ತಂದು ಕೂರಿಸಿದ್ದಾರೆ. ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆ ಎಂದು ಅದನ್ನು ಓದಿದವರು ಅನ್ನುತ್ತಾರೆ. ಕೇಳದವರ ಮೇಲೂ ತೀರಿಸಿಕೊಳ್ಳುತ್ತದೋ ಏನೋ!

ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ನನ್ನ ಸಂಕಟ ನೋಡಿ, “ಅಷ್ಟೇ ತಾನೇ ಅಮ್ಮ? ಅಜ್ಜಿಯ ದನಿ ನಮ್ಮ ಹತ್ತಿರ ಗಂಟೆಗಟ್ಟಲೆ ಇದೆ. ಈಗಿನ ಕೃತಕ ಬುದ್ಧಿಮತ್ತೆಗೆ ಅಷ್ಟು ಬೇಕೇ ಇಲ್ಲ. ಕಥೆಯ ಕೊನೆ ಬರೆದುಕೊಟ್ಟರೆ ಅಜ್ಜಿಯ ದನಿಯಲ್ಲೇ ಹೇಳಿಸ್ತೀನಿ” ಎಂದ. ಅವನೇ ಹೇಳಿದ ಸಂಗತಿ ಇದು. 2022ರ ಜೂನ್‌ನಲ್ಲಿ ಅಮೆಜಾನ್ ಕಂಪನಿಯವರು ತಮ್ಮ ಅಲೆಕ್ಸಾ ಯಂತ್ರಕ್ಕೆ ಇಂಥದೊಂದು ವಿದ್ಯೆ ಕಲಿಸಿ ಅಮೆರಿಕದಲ್ಲಿ ತೋರಿಸಿದ್ದರಂತೆ. ಒಬ್ಬ ಹುಡುಗ, ಅಜ್ಜಿ ಆ ಕಥೆ ಓದಿ ಮುಗಿಸಬಹುದಾ ಎಂದು ಕೇಳುತ್ತಾನೆ, ಯಂತ್ರ ಅಜ್ಜಿಯ ದನಿಯಲ್ಲಿ ಓದುತ್ತದೆ. ಒಂದು ನಿಮಿಷಕ್ಕಿಂತ ಕಡಿಮೆ ದನಿ ಸಿಕ್ಕರೂ ಸಾಕು ಎಂದಿದ್ದರಂತೆ.

ಸುಳ್ಳು ಯಾಕೆ ಹೇಳಲಿ, ನನಗೂ ಆಸೆಯಾಯಿತು. ಒಂದು ಭಾನುವಾರ ಮಗ ಪರೀಕ್ಷೆಗೆಂದು ಎರಡೇ ಸಾಲು ಹೇಳಿಸಿದ. ಅತ್ತೆಯ ದನಿಯೇ! ಆ ಕೊಂಚ ಕರಕಲು ದನಿ, ಆ ಎಳೆಯುವಿಕೆ. ನನ್ನ ಕೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಆದರೆ ಅದು “ಹಾವು ಹೇಳಿತು” ಎಂದಿತು. ಅತ್ತೆ ಹುಟ್ಟಿದಾರಭ್ಯ “ಹೇಳಿತು” ಎಂದವರಲ್ಲ, “ಅಂತಂತೆ” ಅನ್ನುವವರು. ಅದನ್ನು ಮಗ ಸರಿಪಡಿಸಿಯಾನು. ಇನ್ನೊಂದನ್ನು ಹೇಗೆ ಸರಿಪಡಿಸುತ್ತಾನೆ? ಹಾವು ಏನು ಕೇಳಿತು ಎನ್ನುವುದು ಆ ಯಂತ್ರಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಾವು ಕಟ್ಟಿದ್ದನ್ನು ಅತ್ತೆಯ ಬಾಯಿಗೆ ತುರುಕಿ, ಇದು ನಿನ್ನ ಮುತ್ತಜ್ಜಿ ಹೇಳಿದ್ದು ಎಂದು ಪುಟ್ಟನಿಗೆ ಕೇಳಿಸುವುದೇ? ಬೇಡಪ್ಪ ಎಂದೆ. ಮಗನೂ ಒತ್ತಾಯ ಮಾಡಲಿಲ್ಲ.

ನಮ್ಮವರು ಮಾತ್ರ ಆ ಎರಡು ಸಾಲನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಂಡು ಜಗಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ. ಅವರ ತಾಯಿ ಅದು. ನಾನೇನೂ ಕೇಳಲಿಲ್ಲ.

ಕಥೆಯ ಕೊನೆಯನ್ನು ನಾನು ಬೇರೆ ಕಡೆ ಹುಡುಕಿದೆ. ಎದುರು ಮನೆಯ ತಮಿಳಿನಾಕೆಯ ಕಥೆಯಲ್ಲಿ ಹಾವು ಏನನ್ನೂ ಕೇಳುವುದಿಲ್ಲವಂತೆ, ಸುಮ್ಮನೆ ಹಗ್ಗವಾಗಿ ಬಂದು ಹೊರೆ ಇಳಿಸಿದ ಮೇಲೆ ಹೊರಟುಹೋಗುತ್ತದಂತೆ. ಹಿಂದಿನ ಬೀದಿಯ ತೆಲುಗಿನ ಅಜ್ಜಿ, ಹಾವು ಒಂದು ಬಟ್ಟಲು ಹಾಲು ಕೇಳಿತು ಎಂದರು. ಆ ಅಜ್ಜಿಗೆ ಎಂಬತ್ತು ದಾಟಿದೆ. ಅವರು ಹೇಳುತ್ತ ಹೋದ ಹಾಗೆ ಒಂದಕ್ಕೆ ನಾಲ್ಕು ಕಥೆ ಬಂದವು. ನಾನು ಮೊಬೈಲು ಹೊರಗೆ ತೆಗೆದೆ. ಪಕ್ಕದಲ್ಲಿದ್ದ ಅವರ ಸೊಸೆಯನ್ನು, “ಪಾತ್ರೆ ಆಮೇಲೆ ತಿಕ್ಕಮ್ಮ, ಬಾ ಇಲ್ಲಿ” ಎಂದು ಕೈಹಿಡಿದು ಕೂರಿಸಿದೆ.

ನಮ್ಮ ಮನೆಯಲ್ಲಿ ಇಂಥ ಅಜ್ಜಿಯರಿಲ್ಲ, ನನಗೆ ಕಥೆಯೂ ಬರುವುದಿಲ್ಲ ಅನ್ನುವವರೂ ಇರುತ್ತೀರಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ‘ಸ್ಟೋರಿವೀವರ್’ ಎಂದು ಶುರು ಮಾಡಿದ್ದಾರೆ. ಅದರಲ್ಲಿ ಕನ್ನಡದ ಮಕ್ಕಳ ಕಥೆಗಳು ಮೊಬೈಲಿನಲ್ಲೇ ದುಡ್ಡಿಲ್ಲದೆ ಓದಲು ಸಿಗುತ್ತವೆ. ಹಗಲು ಬಿಡುವಿನಲ್ಲಿ ಒಂದನ್ನು ನೀವು ಓದಿಕೊಳ್ಳಿ, ರಾತ್ರಿ ಮೊಬೈಲನ್ನು ಬೋರಲು ಹಾಕಿ ನಿಮ್ಮ ಬಾಯಿಂದ ಹೇಳಿ. ತಪ್ಪಿದರೆ ತಪ್ಪಲಿ. ಮಗುವೇನು ಪರೀಕ್ಷೆ ಮಾಡುತ್ತದೆಯೇ?

ನಾನೂ ಹಾಗೇ ಶುರು ಮಾಡಿದೆ. ಏಳು ಅಣ್ಣಂದಿರ ತಂಗಿಯ ಕಥೆಯನ್ನು ಅತ್ತೆ ನಿಲ್ಲಿಸಿದ ಜಾಗದವರೆಗೂ ಹೇಳಿ, “ಹಾವು ಏನು ಮಾತು ಕೇಳಿರಬಹುದೋ?” ಎಂದು ಪುಟ್ಟನನ್ನೇ ಕೇಳಿದೆ. ಅವನು ಒಂದು ಕ್ಷಣವೂ ತಡಮಾಡಲಿಲ್ಲ. “ಹಾವಿಗೆ ಕೈ ಇಲ್ವಲ್ಲ ಅಜ್ಜಿ, ದಿನಾ ನಂಗೆ ತುತ್ತು ತಿನ್ನಿಸ್ಬೇಕು ಅಂತಂತೆ” ಅಂದ.

ಅಂತಂತೆ! ಅತ್ತೆಯ ಮಾತು ಅದು.

ಈಗ ನಮ್ಮ ಮನೆಯ ಹಾವು ಅದನ್ನೇ ಕೇಳುತ್ತದೆ. ಮೊನ್ನೆ ಶನಿವಾರ ಅದೇ ಕಥೆ ನಡೆದಿತ್ತು. ಮೊಬೈಲು ದಿಂಬಿನ ಮಗ್ಗುಲಲ್ಲಿ ತುಂಬಿಸಿಕೊಳ್ಳುತ್ತಿತ್ತು. ಕಪ್ಪೆ ಬಂದು ಹೋಗಿತ್ತು, ಪುಟ್ಟನ ಹೂಂ ಸಣ್ಣಗಾಗುತ್ತ ಬಂದಿತ್ತು. ಅಷ್ಟರಲ್ಲಿ ಮಗಳು ರೈಲಿಳಿದು ಬಂದಳು. ಚಪ್ಪಲಿ ಬಿಡುತ್ತಲೇ ಪಿಸುಮಾತಿನಲ್ಲಿ “ಎಲ್ಲಿವರೆಗೂ ಬಂತಮ್ಮ?” ಎಂದಳು. ಸೌದೆ ಆರಿಸಿದ್ದಾಳೆ, ಹಾವು ಈಗ ಬರುತ್ತೆ ಎಂದೆ. ಹೆಗಲಿನ ಬ್ಯಾಗು ಇಳಿಸದೆ ಮಗನ ಕಾಲ ಹತ್ತಿರ ಕೂತುಕೊಂಡಳು. ನಾನು ಹಾವನ್ನು ಕರೆತಂದೆ. ಪುಟ್ಟನಿಂದ ಸದ್ದಿಲ್ಲ. ಇನ್ನು ನಿಲ್ಲಿಸೋಣ ಎಂದು ಹೊದಿಕೆಗೆ ಕೈಹಾಕಿದೆ.

“ಹೂಂ” ಅಂದಳು ಮಗಳು.